ಬೆಲೆ, ತೆರಿಗೆ, ಯೋಜನೆ: ಟಿವಿ, ಪೇಪರ್, ಮೊಬೈಲ್ ಮೂರರಲ್ಲಿ ಯಾವುದನ್ನು ನಂಬಬಹುದು?

ಹೋಟೆಲಿನ ದೋಸೆಗೆ, ಮಿಕ್ಸಿಗೆ, ಬಸ್ ಸರ್ವಿಸ್‌ಗೆ ಎಲ್ಲಾ ಜನ ರಿವ್ಯೂ ಬರೆಯುತ್ತಾರೆ. ಸುದ್ದಿಗೆ ಮಾತ್ರ ಯಾರೂ ಬರೆಯುವುದಿಲ್ಲ. ಅದಕ್ಕೂ ನಾವು ದುಡ್ಡು ಕೊಡುತ್ತೇವೆ ಅಲ್ವಾ? ಪೇಪರ್ ಬಿಲ್ ಇದೆ, ಕೇಬಲ್ ಬಿಲ್ ಇದೆ, ಮೊಬೈಲ್ ರೀಚಾರ್ಜ್ ಇದೆ. ಶಿವಮೊಗ್ಗದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಬೆಳಿಗ್ಗೆ ಹಾಲಿನ ಕ್ರೇಟ್ ಇಳಿಸುವ ಹೊತ್ತಿನಿಂದ ರಾತ್ರಿ ಷಟರ್ ಎಳೆಯುವವರೆಗೂ ಮೂಲೆಯಲ್ಲಿ ಟಿವಿ ಓಡುತ್ತಿರುತ್ತದೆ, ಕೌಂಟರ್ ಮೇಲೆ ಎರಡು ಪೇಪರ್ ಇರುತ್ತವೆ, ಬಂದವರು ಮೊಬೈಲ್ ಮುಂದೆ ಹಿಡಿದು "ಹೌದಾ ಅಣ್ಣ ಇದು?" ಅಂತ ಕೇಳುತ್ತಾರೆ. ಹಾಗಾಗಿ ಮೂರನ್ನೂ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾವ ಪಕ್ಷದ ಪರ, ಯಾವ ಪಕ್ಷದ ವಿರೋಧ ಅನ್ನೋದು ಇಲ್ಲಿ ನನ್ನ ವಿಷಯ ಅಲ್ಲ. ಬೆಲೆ, ತೆರಿಗೆ, ಸರ್ಕಾರದ ಯೋಜನೆ, ಇವುಗಳ ಸುದ್ದಿ ಬಂದಾಗ ಯಾರಿಗೆ, ಎಷ್ಟು, ಯಾವತ್ತಿನಿಂದ ಅಂತ ತಿಳಿಯುತ್ತದಾ ಇಲ್ವಾ, ಅಷ್ಟೇ ನೋಡಿದ್ದೇನೆ.

ಹಾಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಹಾಲಿನ ಲೆಕ್ಕವನ್ನು ನಾನೇ ಕೈಯಲ್ಲಿ ಹಿಡಿದು ಮಾರಿದ್ದೇನೆ.

2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಬದಲಾಯಿತು. ಅರ್ಧ ಲೀಟರ್ 22 ರೂಪಾಯಿಗೆ ಇದ್ದದ್ದು 550 ಎಂಎಲ್ ಆಗಿ 24 ರೂಪಾಯಿ ಆಯಿತು. ಒಂದು ಲೀಟರ್ 42ಕ್ಕೆ ಇದ್ದದ್ದು 1050 ಎಂಎಲ್ ಆಗಿ 44 ಆಯಿತು. ಬೆಲೆ ಏರಿಸಿಲ್ಲ, ಹಾಲು ಜಾಸ್ತಿ ಕೊಟ್ಟು ಅದರ ದುಡ್ಡು ತೆಗೆದುಕೊಳ್ಳುತ್ತಿದ್ದೇವೆ ಅಂತ ಸರ್ಕಾರ ಹೇಳಿತು. ಲೆಕ್ಕ ಹಾಕಿದರೆ ಅದು ನಿಜವೇ, ಐವತ್ತು ಎಂಎಲ್‌ಗೆ ಎರಡು ರೂಪಾಯಿ. ಆಮೇಲೆ 2025ರ ಏಪ್ರಿಲ್ 1ಕ್ಕೆ ಲೀಟರ್‌ಗೆ 4 ರೂಪಾಯಿ ಏರಿಕೆ ಅಂತ ಸುದ್ದಿ ಬಂತು. ಟಿವಿಯಲ್ಲಿ ದಿನವಿಡೀ ಅದೇ ನಾಲ್ಕು ರೂಪಾಯಿ. ಬೆಳಿಗ್ಗೆ ಅಂಗಡಿಗೆ ಬಂದವರು ಅರ್ಧ ಲೀಟರ್ ಪ್ಯಾಕೆಟ್ ತಗೊಂಡು ನೋಡಿದರೆ ಹಳೇ ಬೆಲೆಯೇ, 24 ರೂಪಾಯಿ. "ಏರಿಲ್ಲವಲ್ಲ ಅಣ್ಣ, ಟಿವಿಯವರು ಸುಮ್ನೆ ಹೇಳ್ತಾರೆ" ಅಂದರು ಒಬ್ಬ ಅಮ್ಮ. ಲೀಟರ್ ಪ್ಯಾಕೆಟ್ ತಗೊಂಡವರು "ನಾಲ್ಕು ಅಂದ್ರು, ಎರಡೇ ಜಾಸ್ತಿ ಆಗಿದೆ, 46" ಅಂದರು. ನಾನು ಪ್ಯಾಕೆಟ್ ತಿರುಗಿಸಿ 500 ಎಂಎಲ್ ಅಂತ ಬರೆದದ್ದನ್ನು ತೋರಿಸಬೇಕಾಯಿತು. ಆ ಹೆಚ್ಚುವರಿ ಐವತ್ತು ಎಂಎಲ್ ಹೋಗಿತ್ತು. ಅರ್ಧ ಲೀಟರ್ ಪ್ಯಾಕೆಟ್‌ನಲ್ಲಿ ಒಂದು ಪೈಸೆ ಏರಿಸದೆ ಹಾಲು ಕಮ್ಮಿ ಮಾಡಿದರೆ ಲೀಟರ್ ಲೆಕ್ಕದಲ್ಲಿ ನಾಲ್ಕು ರೂಪಾಯಿಗಿಂತ ಜಾಸ್ತಿಯೇ ಏರಿದ ಹಾಗಾಯಿತು. ಬಡವರ ಮನೆಗೆ ಜಾಸ್ತಿ ಹೋಗುವುದು ಅದೇ ಅರ್ಧ ಲೀಟರ್ ಪ್ಯಾಕೆಟ್.

ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಒಂದು ನಿಮಿಷ. ಎರಡು ಪ್ಯಾಕೆಟ್ ಮೇಜಿನ ಮೇಲೆ ಇಟ್ಟು ತೋರಿಸಿದ್ದರೆ ಮುಗಿಯುತ್ತಿತ್ತು. ನಾನು ನೋಡಿದ ಚಾನೆಲ್‌ಗಳಲ್ಲಿ ಅದು ಬರಲಿಲ್ಲ, ಆ ಪಕ್ಷದವರು ಈ ಪಕ್ಷದವರಿಗೆ ಬೈಯುವುದು ಬಂತು, ಇವರು ತಿರುಗಿ ಬೈಯುವುದು ಬಂತು. ಮರುದಿನ ಪೇಪರ್‌ನಲ್ಲಿ ಹಳೇ ದರ, ಹೊಸ ದರ, ಅಳತೆ ಎಲ್ಲಾ ಒಂದು ಪುಟ್ಟ ಪಟ್ಟಿಯಾಗಿ ಇತ್ತು. ಆ ಪಟ್ಟಿ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿದೆ, ಆಮೇಲೆ ಜಗಳವೇ ಬರಲಿಲ್ಲ.

ಇನ್ನೊಂದು ದೊಡ್ಡ ಪರೀಕ್ಷೆ 2025ರ ಜುಲೈನಲ್ಲಿ ಬಂತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಷ್' ಅಂತ ಬೋರ್ಡ್ ಬಂದವು. ನಮ್ಮ ಕಡೆಗೂ ಆ ಭಯ ಹರಡಿತು, ಯಾಕೆಂದರೆ ಟಿವಿ ಪರದೆಯ ತುಂಬಾ ಕ್ಯೂಆರ್ ಕೋಡ್ ಚಿತ್ರ, ಲಕ್ಷಗಟ್ಟಲೆ ತೆರಿಗೆ ಅನ್ನೋ ಅಕ್ಷರ. ನನ್ನ ಪಕ್ಕದ ಟೀ ಅಂಗಡಿಯವರು, ವಯಸ್ಸಾದವರು, ಕೋಡ್ ಅಂಟಿಸಿದ್ದ ಸ್ಟ್ಯಾಂಡ್ ಎತ್ತಿ ಒಳಗಿಟ್ಟರು. ಯುಪಿಐಗೇ ತೆರಿಗೆ ಹಾಕಿದ್ದಾರೆ ಅಂತ ಅವರು ತಿಳಿದುಕೊಂಡಿದ್ದರು. ಅವರ ತಪ್ಪಲ್ಲ, ಟಿವಿ ನೋಡಿದ ಯಾರಿಗಾದರೂ ಹಾಗೇ ಅನಿಸುತ್ತಿತ್ತು.

ನಿಜ ಸಂಗತಿ ಏನು? ಯುಪಿಐಗೆ ಬೇರೆ ತೆರಿಗೆ ಇಲ್ಲ. ವರ್ಷಕ್ಕೆ ಸರಕು ಮಾರುವವರ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಅನ್ನೋ ನಿಯಮ ವರ್ಷಗಳಿಂದಲೇ ಇದೆ. ನಗದಿಗೂ ಅದೇ ನಿಯಮ, ಯುಪಿಐ ಆದರೆ ಇಲಾಖೆಗೆ ಕಾಣುತ್ತದೆ ಅಷ್ಟೇ. ಬರೀ ಹಾಲು, ತರಕಾರಿ, ಹಣ್ಣು ಇಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಸರಕು ಮಾರುವ ಸಣ್ಣವರಿಗೆ ಒಂದೂವರೆ ಕೋಟಿ ವಹಿವಾಟಿನವರೆಗೆ ವಹಿವಾಟಿನ ಶೇ 1 ಮಾತ್ರ ಕಟ್ಟುವ ರಾಜಿ ತೆರಿಗೆ ಪದ್ಧತಿ ಇದೆ, ಆದರೆ ಅದಕ್ಕೆ ಮೊದಲು ನೋಂದಣಿ ಆಗಿರಬೇಕು. ನೋಟಿಸ್ ಬಂದ ತಕ್ಷಣ ದುಡ್ಡು ಕಟ್ಟಬೇಕು ಅಂತಲೂ ಅಲ್ಲ, ದಾಖಲೆ ಕೊಟ್ಟು ವಿವರಣೆ ಹೇಳಬಹುದು. ಮನೆಯವರು ಕಳಿಸಿದ ದುಡ್ಡು, ಸಾಲ ತೀರಿಸಿದ ದುಡ್ಡು ಎಲ್ಲಾ ಅದೇ ಖಾತೆಗೆ ಬಂದಿರುತ್ತದೆ, ಅದನ್ನು ಬೇರೆ ಮಾಡಿ ತೋರಿಸಬಹುದು. ಜುಲೈ 23ಕ್ಕೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದ ಮೇಲೆ ವ್ಯಾಪಾರಿಗಳು ಜುಲೈ 25ಕ್ಕೆ ಕರೆದಿದ್ದ ಬಂದ್ ವಾಪಸ್ ಆಯಿತು.

ಇಷ್ಟೂ ಮಾತು ನನಗೆ ಪೇಪರ್‌ನ ಒಳಪುಟದಲ್ಲಿ ಸಿಕ್ಕಿತು. ತೆರಿಗೆ ಸಲಹೆಗಾರರೊಬ್ಬರ ಪ್ರಶ್ನೋತ್ತರ, ಅರ್ಧ ಪುಟ. ಅದನ್ನು ಟೀ ಅಂಗಡಿಯವರಿಗೆ ಓದಿ ಹೇಳಿದೆ. ಆ ಅರ್ಧ ಪುಟ ಮುಖಪುಟಕ್ಕೆ ಬರಬೇಕಿತ್ತು ಅನ್ನೋದೇ ನನ್ನ ದೂರು. ಮುಖಪುಟದಲ್ಲಿ ಕೇಂದ್ರ ಮಾಡಿದ್ದಾ, ರಾಜ್ಯ ಮಾಡಿದ್ದಾ ಅನ್ನೋ ಜಗಳ ಇತ್ತು. ಆ ಜಗಳವೂ ಸುದ್ದಿಯೇ, ಬೇಡ ಅನ್ನಲ್ಲ, ಆದರೆ ನೋಟಿಸ್ ಕೈಯಲ್ಲಿ ಹಿಡಿದು ನಿಂತವನಿಗೆ ಮೊದಲು ಬೇಕಾದದ್ದು ಇವತ್ತು ಯಾವ ಕಾಗದ ಹುಡುಕಬೇಕು ಅನ್ನೋ ಮಾತು.

ಗ್ಯಾಸ್ ಸಿಲಿಂಡರ್ ವಿಷಯ ಎಲ್ಲರಿಗೂ ಗೊತ್ತಿರೋದೇ. ತಿಂಗಳ ಒಂದನೇ ತಾರೀಕು 'ಸಿಲಿಂಡರ್ ಬೆಲೆ ಇಳಿಕೆ' ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಮನೆಯಲ್ಲಿ ಎಲ್ಲರಿಗೂ ಖುಷಿ, ಪೂರ್ತಿ ಕೇಳಿದರೆ ಅದು ಹೋಟೆಲ್‌ನವರು ಬಳಸುವ 19 ಕೆಜಿ ವಾಣಿಜ್ಯ ಸಿಲಿಂಡರ್. ಮನೆಯ 14.2 ಕೆಜಿ ಸಿಲಿಂಡರ್ ಬೆಲೆ ಇದ್ದಲ್ಲೇ ಇರುತ್ತದೆ. ಹೆಡ್‌ಲೈನ್‌ನಲ್ಲಿ 'ವಾಣಿಜ್ಯ' ಅಂತ ಒಂದೇ ಒಂದು ಪದ ಸೇರಿಸಲು ಇವರಿಗೆ ಯಾಕೆ ಆಗಲ್ಲ? ಜಾಗ ಇಲ್ಲ ಅಂತ ಅಲ್ಲ, ಆ ಪದ ಸೇರಿಸಿದರೆ ಜನ ನೋಡಲ್ಲ ಅಂತ. ಇದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ಟಿವಿ ಯಾಕೆ ಹೀಗೆ ಅಂದರೆ, ಅದರ ದುಡ್ಡು ಬರುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ಟಿಆರ್‌ಪಿ ನೋಡಿ. ಕೂಗಾಟಕ್ಕೆ ಜನ ನಿಂತು ನೋಡುತ್ತಾರೆ, ದರಪಟ್ಟಿಗೆ ನಿಲ್ಲಲ್ಲ ಅಂತ ಅವರ ಲೆಕ್ಕ. ಜೊತೆಗೆ ನಾಲ್ಕು ಜನರನ್ನು ಕೂರಿಸಿ ಚರ್ಚೆ ಮಾಡಿಸುವುದು ಅಗ್ಗ, ಒಬ್ಬ ವರದಿಗಾರನನ್ನು ಕ್ಯಾಮೆರಾ ಸಮೇತ ಎಪಿಎಂಸಿಗೆ ಕಳಿಸುವುದು ದುಬಾರಿ. 2016ರಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಅಂತ ಟಿವಿಯಲ್ಲಿ ವಿವರಿಸಿದ್ದು ನಮ್ಮ ಜನ ಇನ್ನೂ ಮರೆತಿಲ್ಲ. ಅಂಥದ್ದಕ್ಕೆ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಮಾಡುವಷ್ಟು ಕೈ ಇದ್ದವರಿಗೆ ಹಾಲಿನ ಪ್ಯಾಕೆಟ್‌ನ ಗ್ರಾಫಿಕ್ಸ್ ಮಾಡೋದು ಕಷ್ಟವೇ?

2024ರ ಜೂನ್‌ನಲ್ಲಿ ಒಬ್ಬ ನಟನ ಬಂಧನ ಆಯಿತು. ಅದು ಕೊಲೆ ಪ್ರಕರಣ, ಖಂಡಿತ ಸುದ್ದಿಯೇ. ಆದರೆ ಅದೇ ವಾರ, ಜೂನ್ 15ಕ್ಕೆ, ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ಮೇಲಿನದನ್ನು ಶೇ 14.34ರಿಂದ 18.44ಕ್ಕೆ. ಲೀಟರ್‌ಗೆ ಮೂರು ರೂಪಾಯಿ ಹತ್ತಿರ ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ನದು ಮತ್ತೆ ಏರಿ ಶೇ 21.17 ಆಯಿತು. ಡೀಸೆಲ್ ಏರಿದರೆ ನನ್ನ ಅಂಗಡಿಗೆ ಅಕ್ಕಿ ತರುವ ಲಾರಿ ಬಾಡಿಗೆ ಏರುತ್ತದೆ, ಅದು ಅಕ್ಕಿಯ ಮೇಲೆ ಬೀಳುತ್ತದೆ, ಗಾಡಿಯೇ ಇಲ್ಲದ ಮನೆಯವರೂ ಅದನ್ನು ಕೊಡುತ್ತಾರೆ. ಟಿವಿಯಲ್ಲಿ ಮಾತ್ರ ಮೂರು ಹೊತ್ತೂ ನಟನ ಊಟ, ನಟನ ಬಟ್ಟೆ, ನಟನ ನಿದ್ದೆ. ಪೆಟ್ರೋಲ್ ಸುದ್ದಿ ಬಂದಾಗಲೂ ಬಂಕ್ ಮುಂದೆ ನಿಂತ ಬೈಕ್ ಸವಾರನಿಂದ ಎರಡು ಬೈಗುಳ ತೋರಿಸಿ ಮುಂದೆ ಹೋದರು. ಒಂದು ಲೀಟರ್‌ನಲ್ಲಿ ಕೇಂದ್ರದ ಅಬಕಾರಿ ಸುಂಕ ಎಷ್ಟು, ರಾಜ್ಯದ ತೆರಿಗೆ ಎಷ್ಟು, ಡೀಲರ್ ಕಮಿಷನ್ ಎಷ್ಟು ಅಂತ ಬಿಡಿಸಿ ತೋರಿಸಿದ್ದರೆ ಎರಡೂ ಪಕ್ಷದವರ ಮಾತಲ್ಲಿ ನಿಜ ಎಷ್ಟು ಅಂತ ಜನರೇ ತೀರ್ಮಾನ ಮಾಡುತ್ತಿದ್ದರು.

ಕಬ್ಬಿನ ಹೋರಾಟದಲ್ಲೂ ಇದೇ ಕಥೆ, ಆದರೆ ಅಲ್ಲಿ ಪೇಪರ್‌ಗೆ ಒಂದು ಶಭಾಶ್ ಹೇಳಲೇಬೇಕು. 2025ರ ನವೆಂಬರ್ ಶುರುವಿನಲ್ಲಿ ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಬೇಕು ಅಂತ ಕೂತಿದ್ದರು. ಅದೇ ದಿನಗಳಲ್ಲಿ ಬೆಂಗಳೂರಿನ ಸ್ಟುಡಿಯೋಗಳಲ್ಲಿ 'ನವೆಂಬರ್ ಕ್ರಾಂತಿ', ಮುಖ್ಯಮಂತ್ರಿ ಕುರ್ಚಿ ಯಾರಿಗೆ, ಯಾರು ದೆಹಲಿಗೆ ಹೋದರು ಅನ್ನೋದೇ. ರಸ್ತೆ ಬಂದ್ ಆದ ಮೇಲೆ ಕ್ಯಾಮೆರಾ ಆ ಕಡೆ ತಿರುಗಿದವು. ನನ್ನ ಅಂಗಡಿಯಲ್ಲಿ ಒಬ್ಬ ಹುಡುಗ ಒಳ್ಳೇ ಪ್ರಶ್ನೆ ಕೇಳಿದ: "ಕೇಂದ್ರ ಸರ್ಕಾರವೇ ಕ್ವಿಂಟಲ್‌ಗೆ 355 ಅಂದರೆ ಟನ್‌ಗೆ 3,550 ಎಫ್‌ಆರ್‌ಪಿ ಇಟ್ಟಿದೆ, ಇವರು ಯಾಕೆ 3,500 ಕೇಳ್ತಾರೆ?" ಎಫ್‌ಆರ್‌ಪಿ ಅಂದರೆ ಕಾರ್ಖಾನೆಯವರು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ. ಟಿವಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಉತ್ತರ ಇರುವುದು ಇಳುವರಿಯಲ್ಲಿ, ಅಂದರೆ ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬರುತ್ತದೆ ಅನ್ನೋದರಲ್ಲಿ. ಆ 355 ರೂಪಾಯಿ ಶೇ 10.25 ಸಕ್ಕರೆ ಇಳುವರಿಗೆ, ಇಳುವರಿ ಕಮ್ಮಿ ಬಂದರೆ ದರವೂ ಕಮ್ಮಿ. ಅದೂ ಅಲ್ಲದೆ ಕಟಾವು ಮತ್ತು ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. ರೈತರು ಕೇಳುತ್ತಿದ್ದುದು ಆ ಖರ್ಚು ಬಿಟ್ಟು ಕೈಗೆ ಬರುವ 3,500. ಕೊನೆಗೆ ನವೆಂಬರ್ 7ಕ್ಕೆ 3,300 ಅಂತ ತೀರ್ಮಾನ ಆಯಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಕಟಾವು, ಸಾಗಣೆ, ಇಳುವರಿ ಇಷ್ಟನ್ನೂ ಬಿಡಿಸಿ ಬರೆದದ್ದು ಪೇಪರ್‌ನವರು. ಆ ಕಡೆಯ ವರದಿಗಾರರು ಕಬ್ಬು ಕಡಿಯುವವರ ಜೊತೆ, ಟ್ರ್ಯಾಕ್ಟರ್‌ನವರ ಜೊತೆ ಮಾತಾಡಿ ಬರೆದಿದ್ದರು ಅಂತ ಓದಿದರೆ ಗೊತ್ತಾಗುತ್ತಿತ್ತು. ಅವರಿಗೆ ಪೂರ್ತಿ ಮಾರ್ಕ್ಸ್.

ಹಾಗಂತ ಪೇಪರ್‌ನಲ್ಲಿ ಎಲ್ಲಾ ಸರಿ ಇದೆ ಅಂತ ಅಲ್ಲ. ಹಣದುಬ್ಬರದ ಸುದ್ದಿ ನೋಡಿ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು, 2012ನ್ನು ಮೂಲ ವರ್ಷ ಮಾಡಿಕೊಂಡ ಆಗಿನ ಲೆಕ್ಕದಲ್ಲಿ ಅಷ್ಟು ಕಮ್ಮಿ ಯಾವತ್ತೂ ಆಗಿರಲಿಲ್ಲ. 'ಬೆಲೆ ಏರಿಕೆ ಬಿಸಿ ಇಳಿಯಿತು' ಅನ್ನೋ ಧಾಟಿಯಲ್ಲೇ ಬರೆದರು. ಅದೇ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಕೈಗೆತ್ತಿಕೊಂಡವರು ರೇಟ್ ನೋಡಿ ಮತ್ತೆ ಶೆಲ್ಫ್‌ನಲ್ಲಿಟ್ಟು ಹೋಗುತ್ತಿದ್ದರು, ತೆಂಗಿನಕಾಯಿ ಬೆಲೆ ಕೇಳಿದರೆ ಬೈಯುತ್ತಿದ್ದರು. ಎರಡೂ ನಿಜ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಏರಿದ ವೇಗ ಕಮ್ಮಿ ಆಯಿತು ಅಂತ. ಹಿಂದಿನ ವರ್ಷ ತರಕಾರಿ ಬಹಳ ದುಬಾರಿ ಇದ್ದದ್ದರಿಂದ 2025ರಲ್ಲಿ ಇಳಿದ ಹಾಗೆ ಕಂಡಿತು, ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯೂ ಸೇರಿತ್ತು. ಹಣದುಬ್ಬರದ ಲೆಕ್ಕಕ್ಕೆ ಹಿಡಿಯುವ ಇಡೀ ದೇಶದ ಸಾಮಾನಿನ ಬುಟ್ಟಿಯಲ್ಲಿ ಕೊಬ್ಬರಿ ಎಣ್ಣೆಯ ಪಾಲು ಬಹಳ ಸಣ್ಣದು. ಕಾಯಿ ಇಲ್ಲದೆ ಅಡುಗೆಯೇ ಆಗದ ನಮ್ಮ ಮಲೆನಾಡು, ಕರಾವಳಿ ಮನೆಗಳಲ್ಲಿ ಆ ಪಾಲು ದೊಡ್ಡದು. ಕನ್ನಡ ಪೇಪರ್ ಇದನ್ನು ಕನ್ನಡದ ಮನೆಗಳಿಗೆ ಹೊಂದಿಸಿ ಬರೆಯಬೇಕಿತ್ತು. ದೆಹಲಿಯಿಂದ ಬಂದ ಏಜೆನ್ಸಿ ಸುದ್ದಿಯನ್ನೇ ಹಾಕಿ ಬಿಟ್ಟರು.

ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅದರ ಸುದ್ದಿಯೂ ಹೀಗೇ ಒಣ ಒಣ. 2025ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಶೇ 6.5ರಿಂದ 5.25ಕ್ಕೆ ಇಳಿಸಿತು. ಮನೆ ಸಾಲ ಇದ್ದವರಿಗೆ ಒಳ್ಳೇದು, ಅದೂ 2019ರ ಅಕ್ಟೋಬರ್ ಆದ ಮೇಲೆ ಬ್ಯಾಂಕಿನಲ್ಲಿ ಬದಲಾಗುವ ಬಡ್ಡಿಯ ಸಾಲ ತೆಗೆದವರಿಗೆ ಬೇಗ ಸಿಗುತ್ತದೆ, ಅದಕ್ಕೂ ಹಳೇ ಸಾಲದವರು ಬ್ಯಾಂಕಿಗೆ ಹೋಗಿ ಕೇಳಬೇಕು. ಎಫ್‌ಡಿ ಬಡ್ಡಿಯಲ್ಲೇ ಔಷಧಿ ತರುವ ಹಿರಿಯರಿಗೆ ಇದೇ ಸುದ್ದಿ ನಷ್ಟದ್ದು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಎಫ್‌ಡಿ ರಿನ್ಯೂ ಮಾಡಿಸಲು ಹೋದಾಗಲೇ ಅವರಿಗೆ ಗೊತ್ತಾದದ್ದು. ಅವರು ದಿನಾ ಎರಡು ಗಂಟೆ ಪೇಪರ್ ಓದುತ್ತಾರೆ.

ಆದರೂ ನಾನು ಪೇಪರ್‌ಗೆ ದುಡ್ಡು ಕೊಡುತ್ತಲೇ ಇರಲು ಕಾರಣ ಜಿಲ್ಲಾ ಪುಟ ಮತ್ತು ಧಾರಣೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ ದರ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಇಡೀ ಪೇಪರ್‌ನಲ್ಲಿ ಅದಕ್ಕಿಂತ ನಂಬಿಕೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಯಾರ ಅಭಿಪ್ರಾಯವೂ ಇಲ್ಲ. ಅಡಿಕೆ ಬೆಳೆಗಾರರು ಅಂಗಡಿಗೆ ಬಂದರೆ ಮೊದಲು ತೆಗೆಯುವುದು ಆ ಪುಟ. ಅವತ್ತು ಮಾಲು ಬಿಡಬೇಕಾ, ಇನ್ನೊಂದು ವಾರ ಇಟ್ಟುಕೊಳ್ಳಬೇಕಾ ಅಂತ ಅದನ್ನು ನೋಡಿ ಲೆಕ್ಕ ಹಾಕುತ್ತಾರೆ. ನಲ್ಲಿ ನೀರು ಯಾವಾಗ ಬರುತ್ತದೆ, ಯಾವ ಫೀಡರ್‌ನಲ್ಲಿ ಕರೆಂಟ್ ಇರಲ್ಲ ಅನ್ನೋದೂ ಅಲ್ಲೇ. ಆಕಾಶವಾಣಿಯ ಪ್ರದೇಶ ಸಮಾಚಾರವನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಸರ್ಕಾರವನ್ನು ಅದು ಪ್ರಶ್ನೆ ಮಾಡಲ್ಲ, ಅದು ದೊಡ್ಡ ಕೊರತೆಯೇ, ಆದರೆ ಅರ್ಜಿಗೆ ಕೊನೇ ದಿನ ಯಾವುದು ಅಂತ ಕೂಗಾಡದೆ ಹೇಳುತ್ತದೆ.

ಮೊಬೈಲ್ ಬಗ್ಗೆ ನನಗೆ ಸಿಟ್ಟೇ ಜಾಸ್ತಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಇದೆಯಲ್ಲ, 2023ರ ಆಗಸ್ಟ್ 30ಕ್ಕೆ ಶುರುವಾದದ್ದು, ಅದರ ಹೆಸರಲ್ಲಿ ನಡೆಯುತ್ತಿರುವ ವೆಬ್‌ಸೈಟ್ ವ್ಯಾಪಾರಕ್ಕೆ ಲೆಕ್ಕವೇ ಇಲ್ಲ. 'ಇಂದೇ ಹಣ ಜಮಾ, ಇಲ್ಲಿ ಚೆಕ್ ಮಾಡಿ' ಅಂತ ಬರುತ್ತದೆ. ಒತ್ತಿದರೆ ಹತ್ತು ಜಾಹೀರಾತು, ಕೆಳಗೆ ಹೋದರೆ ಹೋದ ವರ್ಷ ಬರೆದದ್ದೇ ತಾರೀಕು ಬದಲಾಯಿಸಿ ಹಾಕಿದ್ದು, ಕೊನೆಗೆ 'ಶೀಘ್ರದಲ್ಲೇ ಜಮಾ ಆಗಲಿದೆ' ಅಂತ ಒಂದು ಸಾಲು. ನಮ್ಮ ಅಂಗಡಿಗೆ ಬರುವ ಮನೆಕೆಲಸದ ಅಕ್ಕ ಇಂಥದ್ದೇ ಒಂದು ಸುದ್ದಿ ನಂಬಿ ಅರ್ಧ ದಿನದ ಕೆಲಸ ಬಿಟ್ಟು ಬ್ಯಾಂಕಿನಲ್ಲಿ ಸಾಲು ನಿಂತು ಬಂದರು, ದುಡ್ಡು ಬಂದಿರಲಿಲ್ಲ. ಅರ್ಧ ದಿನದ ಸಂಬಳ ಹೋಯಿತು. ಆ ಸೈಟ್‌ನವರಿಗೆ ಅವರ ಒಂದು ಕ್ಲಿಕ್‌ನಿಂದ ಎಷ್ಟು ಪೈಸೆ ಬಂತೋ ಏನೋ. ಕೆಲವು ಸೈಟ್‌ಗಳಂತೂ ಆಧಾರ್ ನಂಬರ್ ಹಾಕಿ ಅನ್ನುತ್ತವೆ, ದಯವಿಟ್ಟು ಹಾಕಬೇಡಿ. ಸರ್ಕಾರದ್ದೇ ಡಿಬಿಟಿ ಕರ್ನಾಟಕ ಅನ್ನೋ ಆ್ಯಪ್ ಇದೆ, ಯಾವ ಯೋಜನೆಯ ದುಡ್ಡು ಯಾವ ದಿನ ಯಾವ ಖಾತೆಗೆ ಹೋಯಿತು ಅಂತ ಅದರಲ್ಲೇ ಕಾಣುತ್ತದೆ. ಆ ಅಕ್ಕನ ಮೊಬೈಲ್‌ಗೆ ಅದನ್ನು ಹಾಕಿಕೊಟ್ಟೆ.

ಮೊಬೈಲ್‌ನಲ್ಲಿ ಒಳ್ಳೆಯವರು ಇಲ್ಲವೇ ಇಲ್ಲ ಅಂತಲ್ಲ. ಯೂಟ್ಯೂಬ್‌ನಲ್ಲಿ ಬಜೆಟ್ ಪುಸ್ತಕ ತೆರೆದಿಟ್ಟು ಕನ್ನಡದಲ್ಲಿ ನಿಧಾನವಾಗಿ ವಿವರಿಸುವವರಿದ್ದಾರೆ, ಆದಾಯ ತೆರಿಗೆಯ 12 ಲಕ್ಷದ ವಿಷಯ ನನಗೆ ಅರ್ಥ ಆದದ್ದು ಅಂಥವರಿಂದಲೇ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರೆ 13 ಲಕ್ಷ ಬಂದವರು ಒಂದು ಲಕ್ಷಕ್ಕೆ ಮಾತ್ರ ಕಟ್ಟಬೇಕು ಅಂತ ಟಿವಿ ನೋಡಿ ಎಷ್ಟೋ ಜನ ಅಂದುಕೊಂಡಿದ್ದರು. ಹಾಗಲ್ಲ, ಅದು ರಿಯಾಯಿತಿ. 12 ಲಕ್ಷಕ್ಕಿಂತ ಚೆನ್ನಾಗಿ ಮೇಲೆ ಹೋದರೆ 4 ಲಕ್ಷದಿಂದಲೇ ಹಂತ ಹಂತವಾಗಿ ಲೆಕ್ಕ ಶುರು.

ಹಾಗಾಗಿ ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಹೀಗೆ. ಪೇಪರ್ ಒಂದು ಇರಲಿ, ಜಿಲ್ಲಾ ಪುಟ ಚೆನ್ನಾಗಿರುವುದನ್ನೇ ನೋಡಿ ಆರಿಸಿ, ಮುಖಪುಟದ ಬಣ್ಣ ನೋಡಿ ಬೇಡ. ಬೆಲೆ ಸುದ್ದಿಯನ್ನು ಟಿವಿಯಲ್ಲಿ ಕೇಳಿದರೆ ಮರುದಿನದ ಪಟ್ಟಿ ನೋಡುವ ತನಕ ಗಾಬರಿ ಬೀಳಬೇಡಿ. ಯೋಜನೆಯ ದುಡ್ಡಿನ ಸುದ್ದಿಗೆ ಆ್ಯಪ್ ನೋಡಿ, ಲಿಂಕ್ ಒತ್ತಬೇಡಿ. ರಾಜ್ಯ ಬಜೆಟ್ ದಿನ ಚರ್ಚೆ ನೋಡುವ ಬದಲು ಬಜೆಟ್ ಭಾಷಣವನ್ನೇ ಓದಿ, ಹಣಕಾಸು ಇಲಾಖೆಯ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲೇ ಹಾಕುತ್ತಾರೆ. 2025ರ ಮಾರ್ಚ್ 7ರ ಬಜೆಟ್ 4,09,549 ಕೋಟಿ ರೂಪಾಯಿಯದು, ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ, ಹೊಸ ಸಾಲ 1.16 ಲಕ್ಷ ಕೋಟಿ. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟುಕೊಂಡು ಕೂತರೆ ಯಾವ ವಕ್ತಾರ ಎಲ್ಲಿ ಹಾರಿಸುತ್ತಿದ್ದಾನೆ ಅಂತ ನಿಮಗೇ ಗೊತ್ತಾಗುತ್ತದೆ.

ಚಾನೆಲ್‌ನವರು ಇದನ್ನು ಓದಿದರೆ ಒಂದೇ ಕೇಳಿಕೆ. ಪರದೆ ಕೆಳಗೆ ದಿನವಿಡೀ ಒಂದು ಪಟ್ಟಿ ಓಡುತ್ತಿರುತ್ತದಲ್ಲ, ಅದರಲ್ಲಿ ಬೆಲೆ ಬದಲಾದ ದಿನ ಹಳೇ ದರ, ಹೊಸ ದರ, ಅಳತೆ, ಯಾವತ್ತಿನಿಂದ ಇಷ್ಟು ಹಾಕಿ. ಮೇಲೆ ನಿಮ್ಮ ಚರ್ಚೆ ಹೇಗಾದರೂ ನಡೆಯಲಿ, ಟಿವಿಯ ಸೌಂಡ್ ಆಫ್ ಮಾಡಿಕೊಂಡಾದರೂ ನಾವು ಅಷ್ಟನ್ನು ಓದಿಕೊಳ್ಳುತ್ತೇವೆ.